ಅರವತ್ತು ಪರ್ಸೆಂಟ್ ಸ್ಪಿಟ್‌ಫೈರ್ ಮತ್ತು ಒಂದು ಗಂಡಭೇರುಂಡ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾವು ನಾಲ್ಕು ಜನ ಸೇರಿ ಥರ್ಮಾಕೋಲಿನಲ್ಲಿ ಒಂದು ಸ್ಪಿಟ್‌ಫೈರ್ ಮಾಡಿದ್ವಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಮೀಟರಿಗಿಂತ ಚೂರು ಜಾಸ್ತಿ. ಮೂರು ವಾರ ರಾತ್ರಿಯೆಲ್ಲ ಹಾಸ್ಟೆಲ್ ರೂಮಲ್ಲಿ ಕೂತು ಕತ್ತರಿಸಿದ್ದು, ಅಂಟಿಸಿದ್ದು, ಉಜ್ಜಿದ್ದು. ರೂಮೆಲ್ಲ ಬಿಳೀ ಪುಡಿ, ಸ್ನಾನ ಮಾಡಿದರೂ ಕೂದಲಲ್ಲಿ ಅದೇ ಪುಡಿ. ಕೊನೆಗೊಂದು ಭಾನುವಾರ ಬೆಳಿಗ್ಗೆ ಊರಾಚೆ ಒಣಗಿದ ಕೆರೆ ಅಂಗಳಕ್ಕೆ ತಗೊಂಡು ಹೋಗಿ ಹಾರಿಸಿದೆವು.

ಎರಡೂವರೆ ನಿಮಿಷ ಹಾರಿತು. ನಿಜವಾಗ್ಲೂ ಹಾರಿತು! ಆಮೇಲೆ ಇಳಿಸೋಣ ಅಂತ ವೇಗ ಕಡಿಮೆ ಮಾಡಿ, ಮೆಲ್ಲಗೆ ಎಡಕ್ಕೆ ತಿರುಗಿಸಿದೆ ನೋಡಿ... ಎಡಗಡೆ ರೆಕ್ಕೆ ಇದ್ದಕ್ಕಿದ್ದಂತೆ ಕುಸಿದು, ವಿಮಾನ ತಲೆಕೆಳಗಾಗಿ ಹೋಗಿ ಕೆರೆ ಮಣ್ಣಿಗೆ ಮೂಗು ಹೊಡೆದುಕೊಂಡಿತು. ರಿಮೋಟ್ ನನ್ನ ಕೈಯಲ್ಲಿತ್ತು, ಹಾಗಾಗಿ ತಪ್ಪೂ ನನ್ನದೇ. ಒಂದು ಸದ್ದಿಲ್ಲ, ಒಂದು ನಡುಕ ಇಲ್ಲ, ಮುನ್ಸೂಚನೆ ಅಂತ ಏನೂ ಇರಲಿಲ್ಲ. ಚೂರುಗಳನ್ನು ಆರಿಸುತ್ತಾ ಇದ್ದಾಗ ಗೆಳೆಯನೊಬ್ಬ ಸಮಾಧಾನ ಮಾಡೋ ಧಾಟಿಯಲ್ಲಿ, "ಬಿಡೋ ಮಗಾ, ಅಷ್ಟಕ್ಕೂ ಅದೇನು ಸ್ಪಿಟ್‌ಫೈರಾ? ಸ್ಪಿಟ್‌ಫೈರ್ ಥರ ಕಾಣೋ ಥರ್ಮಾಕೋಲು" ಅಂದ.

ಆ ಮಾತು ಇವತ್ತಿಗೂ ತಲೆಯಲ್ಲಿ ಕೊರೀತಾ ಇದೆ. ಒಂದು ವಸ್ತುವನ್ನು ಚಿಕ್ಕದು ಮಾಡ್ತಾ ಹೋದರೆ ಯಾವ ಹಂತದಲ್ಲಿ ಅದು ಅದೇ ವಸ್ತುವಾಗಿ ಉಳಿಯೋದು ನಿಲ್ಲತ್ತೆ? ನಮ್ಮದೇನೋ ಥರ್ಮಾಕೋಲು, ಹೋದರೆ ಎರಡು ಸಾವಿರ ರೂಪಾಯಿ. ಆದರೆ ಇದೇ ಪ್ರಶ್ನೆಯನ್ನು ಮರದಲ್ಲಿ, ಅಲ್ಯುಮಿನಿಯಮ್ಮಿನಲ್ಲಿ ಕಟ್ಟಿ, ಅದರೊಳಗೆ ತಾವೇ ಕೂತು ಹಾರಿಸಿದ ಜನ ಇದ್ದಾರೆ. ಅರ್ಧ ಅಳತೆ, ಮುಕ್ಕಾಲು ಅಳತೆಯ ಹಳೇ ಯುದ್ಧವಿಮಾನಗಳನ್ನ ಮನೆ ಗ್ಯಾರೇಜಿನಲ್ಲಿ ಕಟ್ಟುವವರು. ಇವತ್ತು ಅವರ ಕತೆ ಹೇಳೋಣ ಅಂತ. ಕತೆಯ ಕೊನೆಗೆ ನಮ್ಮ ಮೈಸೂರೂ ಬರತ್ತೆ, ಸ್ವಲ್ಪ ತಾಳ್ಮೆ ಇರಲಿ :-)

*

ಮೊದಲು ಮೂಲದ ಬಗ್ಗೆ ಎರಡು ಮಾತು. ಸ್ಪಿಟ್‌ಫೈರ್ ಬ್ರಿಟನ್ನಿನ ಸೂಪರ್‌ಮರೀನ್ ಕಂಪನಿಯ ವಿಮಾನ. ವಿನ್ಯಾಸಕಾರ ಆರ್. ಜೆ. ಮಿಚೆಲ್. ಮೊದಲ ಮಾದರಿ ಹಾರಿದ್ದು 1936ರ ಮಾರ್ಚ್ 5ರಂದು, ಸೌತಾಂಪ್ಟನ್ ಹತ್ತಿರದ ಈಸ್ಟ್‌ಲೀಯಿಂದ. ಮರುವರ್ಷವೇ, 1937ರಲ್ಲಿ, ಮಿಚೆಲ್ ಕ್ಯಾನ್ಸರಿನಿಂದ ತೀರಿಕೊಂಡ. ತನ್ನ ವಿಮಾನ ಯುದ್ಧದಲ್ಲಿ ಏನು ಮಾಡಿತು ಅನ್ನೋದನ್ನ ಅವನು ನೋಡಲೇ ಇಲ್ಲ. ಒಟ್ಟು 20,000ಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು. 1947-48ರ ಕಾಶ್ಮೀರ ಯುದ್ಧದಲ್ಲಿ ನಮ್ಮ ವಾಯುಪಡೆಯೂ ಅದನ್ನ ಬಳಸಿತ್ತು.

ಯುದ್ಧ ಮುಗೀತು, ಜೆಟ್ ಬಂತು. ಹಳೇ ವಿಮಾನಗಳನ್ನ ಗುಜರಿಗೆ ಹಾಕಿದರು. ನಮ್ಮಲ್ಲಿ ಹಳೇ ಅಂಬಾಸಿಡರ್ ಕಾರುಗಳು ಹೋದ ಹಾಗೇ ಹೋದವು ಅನ್ನಿ. ಇರುವಾಗ ಯಾರೂ ಕೇಳಲ್ಲ, ಹೋದಮೇಲೆ ಎಲ್ಲರಿಗೂ ಬೇಕು. ಸಿನಿಮಾದವರಿಗೂ ಇದರ ಬಿಸಿ ತಟ್ಟಿತು. 1969ರ 'ಬ್ಯಾಟಲ್ ಆಫ್ ಬ್ರಿಟನ್' ಚಿತ್ರಕ್ಕೆ ಜರ್ಮನ್ ಮೆಸರ್‌ಸ್ಮಿಟ್‌ಗಳು ಬೇಕಾದಾಗ ಸ್ಪೇನ್ ವಾಯುಪಡೆಯ ಬುಚೋನ್ ವಿಮಾನಗಳನ್ನ ತಂದು ಪಾತ್ರ ಮಾಡಿಸಿದರು. ಆ ಬುಚೋನ್‌ಗಳು ಸ್ಪೇನಿನಲ್ಲಿ ತಯಾರಾದ ಮೆಸರ್‌ಸ್ಮಿಟ್‌ಗಳೇ, ಆದರೆ ಎಂಜಿನ್ ಮಾತ್ರ ಬ್ರಿಟಿಷ್ ಮರ್ಲಿನ್. ಅಂದರೆ ಸ್ಪಿಟ್‌ಫೈರ್‌ನಲ್ಲಿ ಇರೋ ಎಂಜಿನ್ನೇ! ಸಿನಿಮಾದಲ್ಲಿ ಹೀರೋ ವಿಲನ್ ಇಬ್ಬರೂ ಒಂದೇ ಎಂಜಿನ್ನಿನಲ್ಲಿ ಗುಡುಗಿದರು. ಒಂದು ವರ್ಷ ಕಳೆದು ಬಂದ 'ಟೋರಾ! ಟೋರಾ! ಟೋರಾ!' ಚಿತ್ರದಲ್ಲಿ ಅಮೆರಿಕದ ತರಬೇತಿ ವಿಮಾನಗಳಿಗೆ ಮೇಕಪ್ ಮಾಡಿ ಜಪಾನಿ ವಿಮಾನ ಅಂತ ತೋರಿಸಿದರು.

ದುಡ್ಡಿರೋ ಸಿನಿಮಾದವರ ಕತೆಯೇ ಹೀಗಾದರೆ, ಸಂಬಳದ ಮೇಲೆ ಬದುಕೋ, ಆದರೆ ತಲೇಲಿ ವಿಮಾನದ ಹುಳ ಹೊಕ್ಕಿರೋ ಸಾಮಾನ್ಯ ಮನುಷ್ಯ ಏನು ಮಾಡಬೇಕು? ಅಂಥವನೊಬ್ಬನಿದ್ದ. ಜಾನ್ ಐಸಾಕ್ಸ್ ಅಂತ. ಒಂದು ಕಾಲದಲ್ಲಿ ಸೂಪರ್‌ಮರೀನ್ ಕಂಪನಿಯಲ್ಲೇ ಕೆಲಸ ಮಾಡಿದ್ದವನು, ಆಮೇಲೆ ಸ್ಕೂಲ್ ಮೇಷ್ಟ್ರಾದ. ಮೇಷ್ಟ್ರ ಸಂಬಳದಲ್ಲಿ ಸ್ಪಿಟ್‌ಫೈರ್ ಕೊಳ್ಳೋಕಾಗತ್ತಾ? ಸರಿ, ತಾನೇ ಕಟ್ಟೋದು ಅಂತ ತೀರ್ಮಾನ ಮಾಡಿದ.

ಆದರೆ ನೇರವಾಗಿ ಸ್ಪಿಟ್‌ಫೈರಿಗೆ ಕೈ ಹಾಕಲಿಲ್ಲ. ಮೊದಲು 1930ರ ದಶಕದ ಹಾಕರ್ ಫ್ಯೂರಿ ಅನ್ನೋ ಎರಡು ರೆಕ್ಕೆಯ ಯುದ್ಧವಿಮಾನವನ್ನ 7/10 ಅಳತೆಯಲ್ಲಿ, ಪೂರ್ತಿ ಮರದಲ್ಲಿ ಕಟ್ಟಿದ. ಅದು 1963ರ ಆಗಸ್ಟ್ 30ರಂದು ಹಾರಿತು. ಅದಾಗಿ ಸುಮಾರು 12 ವರ್ಷಕ್ಕೆ, 1975ರ ಮೇ 5ರಂದು, ಅವನ 6/10 ಅಳತೆಯ ಸ್ಪಿಟ್‌ಫೈರ್ ಹಾರಿತು. ನಾವು ಮೂರು ವಾರಕ್ಕೇ 'ಸಾಕಪ್ಪಾ' ಅಂದಿದ್ದು ನೆನಪಾಗಿ ನಾಚಿಕೆ ಆಗತ್ತೆ.

ಐಸಾಕ್ಸ್ ಒಬ್ಬನೇ ಅಲ್ಲ. ಅಮೆರಿಕದಲ್ಲಿ ಫ್ರೆಡ್ ಸಿಂಡ್ಲಿಂಗರ್ ಅನ್ನುವವನು 5/8 ಅಳತೆಯ ಹರಿಕೇನ್ ಕಟ್ಟಿ 1972ರಲ್ಲಿ ಹಾರಿಸಿದ. ಫ್ರಾನ್ಸಿನಲ್ಲಿ ನೆಲೆಸಿದ್ದ ಮಾರ್ಸೆಲ್ ಯುರ್ಕಾ ಮಸ್ಟಾಂಗ್, ಫೋಕ್-ವುಲ್ಫ್, ಸ್ಪಿಟ್‌ಫೈರ್ ಹೀಗೆ ಸಾಲುಸಾಲಾಗಿ ಮೂರನೇ ಎರಡು, ಮುಕ್ಕಾಲು ಅಳತೆಯ ನಕ್ಷೆಗಳನ್ನ ಮಾಡಿದ. 1974ರಲ್ಲಿ ಕ್ಯಾಲಿಫೋರ್ನಿಯಾದ ವಾರ್ ಏರ್‌ಕ್ರಾಫ್ಟ್ ರೆಪ್ಲಿಕಾಸ್‌ನವರು ಅರ್ಧ ಅಳತೆಯ ಫೋಕ್-ವುಲ್ಫ್ 190 ಹಾರಿಸಿದರು. ಅದರ ಒಳಗಿದ್ದದ್ದು ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್! ಮರದ ಚೌಕಟ್ಟು, ಅದರ ಮೇಲೆ ಫೋಮ್ ಅಂಟಿಸಿ ಆಕಾರಕ್ಕೆ ಕೆತ್ತೋದು, ಮೇಲೆ ಬಟ್ಟೆ ಮತ್ತು ರೆಸಿನ್ ಹೊದಿಕೆ. ಹೆಚ್ಚೂಕಡಿಮೆ ನಮ್ಮ ಹಾಸ್ಟೆಲ್ ರೂಮಿನ ವಿಧಾನವೇ, ಆದರೆ ಬುದ್ಧಿವಂತರು ಮಾಡಿದ್ದು :-)

ಇವರಿಗೆಲ್ಲ ಬೆನ್ನೆಲುಬಾಗಿದ್ದು ಹವ್ಯಾಸಿಗಳ ಸಂಘಗಳು. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಶುರುಮಾಡಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್, ಬ್ರಿಟನ್ನಿನಲ್ಲಿ ಪಾಪ್ಯುಲರ್ ಫ್ಲೈಯಿಂಗ್ ಅಸೋಸಿಯೇಷನ್. ಮನೇಲಿ ಕಟ್ಟಿದ ವಿಮಾನವನ್ನ ಅನುಭವಸ್ಥರು ಬಂದು ಹಂತಹಂತವಾಗಿ ನೋಡಿ, ತಪ್ಪಿದ್ದರೆ ತಿದ್ದಿಸಿ, ಆಮೇಲೆ ಹಾರೋಕೆ ದಾರಿ ಮಾಡಿಕೊಡೋ ವ್ಯವಸ್ಥೆ. ನಮ್ಮ ಭಾಷೇಲಿ ಹೇಳೋದಾದರೆ, ಕೋಡ್ ರಿವ್ಯೂ.

*

ಈಗ ಎಂಜಿನಿಯರ್ ಬುದ್ಧಿ ಸ್ವಲ್ಪ ತೋರಿಸ್ತೀನಿ. ಲೆಕ್ಕ ಬೇಡ ಅನ್ನೋರು ಮುಂದಿನ ನಕ್ಷತ್ರಗಳವರೆಗೆ ಹಾರಿ. ಆದರೆ ಹಾರಬೇಡಿ, ಮಜಾ ಇರೋದೇ ಇಲ್ಲಿ.

ಚಪಾತಿ ಉದಾಹರಣೆ ತಗೊಳ್ಳಿ. ಚಪಾತಿಯ ಅಗಲ ಅರ್ಧ ಮಾಡಿದರೆ ಚಪಾತಿ ಅರ್ಧ ಆಗಲ್ಲ, ಕಾಲು ಭಾಗ ಆಗತ್ತೆ. ಲಾಡುವಿನ ಅಗಲ ಅರ್ಧ ಮಾಡಿದರೆ ಲಾಡು ಎಂಟನೇ ಒಂದು ಭಾಗಕ್ಕೆ ಇಳಿಯತ್ತೆ. ರೆಕ್ಕೆ ಚಪಾತಿ ಇದ್ದ ಹಾಗೆ, ತೂಕ ಲಾಡು ಇದ್ದ ಹಾಗೆ. ಅಳತೆಯನ್ನ 0.6ಕ್ಕೆ ಇಳಿಸಿದರೆ ರೆಕ್ಕೆಯ ವಿಸ್ತೀರ್ಣ 0.36ಕ್ಕೆ ಇಳಿಯತ್ತೆ, ತೂಕ 0.216ಕ್ಕೆ ಇಳಿಯಬೇಕು.

ಹೊಂದತ್ತಾ ನೋಡೋಣ. ಮೂಲ ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆ 11.23 ಮೀಟರ್ ಅಗಲ, ವಿಸ್ತೀರ್ಣ 22.5 ಚದರ ಮೀಟರ್, ಹಾರುವಾಗಿನ ತೂಕ ಸುಮಾರು 2,600 ಕೆ.ಜಿ. ಐಸಾಕ್ಸ್ ಮೇಷ್ಟ್ರ ವಿಮಾನದ ರೆಕ್ಕೆ 6.75 ಮೀಟರ್, ವಿಸ್ತೀರ್ಣ ಸುಮಾರು 8.1 ಚದರ ಮೀಟರ್, ತೂಕ ಸುಮಾರು 500 ಕೆ.ಜಿ. ಲೆಕ್ಕದ ಪ್ರಕಾರ 560 ಬರಬೇಕಿತ್ತು, ಮೇಷ್ಟ್ರು ಇನ್ನೂ 60 ಕೆ.ಜಿ. ಉಳಿಸಿದ್ದಾರೆ. ಮೂಲದಲ್ಲಿ ರೆಕ್ಕೆಯ ಪ್ರತಿ ಚದರ ಮೀಟರ್ ಹೊರುತ್ತಿದ್ದದ್ದು 116 ಕೆ.ಜಿ., ಇಲ್ಲಿ ಬರೀ 62 ಕೆ.ಜಿ. ಭಾರ ಕಡಿಮೆ ಆದಷ್ಟೂ ವಿಮಾನ ನಿಧಾನವಾಗಿ ಹಾರಬಹುದು, ನಿಧಾನವಾಗಿ ಇಳಿಯಬಹುದು. ವರ್ಗಮೂಲ ತೆಗೆದರೆ ಇಳಿಯುವ ವೇಗ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆ ಆಗತ್ತೆ. ಚಿಕ್ಕದು ಮಾಡಿದ್ದರ ಮೊದಲ ಲಾಭ ಇದು.

ಎರಡನೇ ಲಾಭ ಎಂಜಿನ್ನಿನದು. ಮೂಲದ ಮರ್ಲಿನ್ ಎಂಜಿನ್ 27 ಲೀಟರ್, 12 ಸಿಲಿಂಡರ್, ಸಾವಿರ ಕುದುರೆ ಶಕ್ತಿಗೂ ಮೇಲೆ. ಅದರ ತೂಕವೇ 600 ಕೆ.ಜಿ. ದಾಟತ್ತೆ. ಅಂದರೆ ಪೈಲಟ್ಟು ಪೆಟ್ರೋಲು ಸಮೇತ ಐಸಾಕ್ಸ್ ವಿಮಾನ ಪೂರ್ತಿ ಎಷ್ಟು ತೂಗತ್ತೋ ಅದಕ್ಕಿಂತ ಮೂಲದ ಬರೀ ಎಂಜಿನ್ನೇ ಜಾಸ್ತಿ! ಐಸಾಕ್ಸ್ ಹಾಕಿದ್ದು 100 ಕುದುರೆ ಶಕ್ತಿಯ ಕಾಂಟಿನೆಂಟಲ್ ಎಂಜಿನ್. ಸೆಸ್ನಾ 150 ಅನ್ನೋ ತರಬೇತಿ ವಿಮಾನದಲ್ಲಿ ಇರೋದೂ ಅದೇ. ಅದರಲ್ಲಿ ಗಂಟೆಗೆ ಸುಮಾರು 240 ಕಿ.ಮೀ. ವೇಗ ಬರುತ್ತಿತ್ತು. ಮೂಲದ್ದು 570 ದಾಟುತ್ತಿತ್ತು ಅನ್ನೋದು ಬೇರೆ ವಿಷಯ.

ಇನ್ನು ತೊಂದರೆಗಳು. ಎಲ್ಲಕ್ಕಿಂತ ದೊಡ್ಡ ತೊಂದರೆ ಯಾವುದು ಹೇಳಿ? ಪೈಲಟ್. ಎಲ್ಲವನ್ನೂ 0.6ಕ್ಕೆ ಇಳಿಸಬಹುದು, ಮನುಷ್ಯನನ್ನ ಇಳಿಸೋಕಾಗಲ್ಲ. ಲೆಕ್ಕದ ಪ್ರಕಾರ ಈ ವಿಮಾನಕ್ಕೆ ಮೂರೂವರೆ ಅಡಿ ಎತ್ತರದ, 17 ಕೆ.ಜಿ. ತೂಕದ ಪೈಲಟ್ ಬೇಕು. ಅಂದರೆ ಯುಕೆಜಿ ಹುಡುಗ. 80 ಕೆ.ಜಿ. ತೂಗೋ ಆಸಾಮಿ ಮೂಲ ವಿಮಾನದಲ್ಲಿ ಕೂತರೆ ಅವನು ಒಟ್ಟು ತೂಕದ ನೂರಕ್ಕೆ ಮೂರು ಭಾಗ. ಇಲ್ಲಿ ಕೂತರೆ ನೂರಕ್ಕೆ 16 ಭಾಗ. ವಿಮಾನದ ಸಮತೋಲನ ಅವನ ಮೇಲೇ ನಿಂತಿದೆ. ಮುಂದೆ ಎಂಜಿನ್ ಹಗುರ, ಹಿಂದೆ ಮನುಷ್ಯ ಭಾರ, ಇವೆರಡನ್ನೂ ಸರಿದೂಗಿಸಿ ಕೂರಿಸೋದೇ ಕಟ್ಟುವವನ ತಲೆನೋವು. ಅದಕ್ಕೇ ಇಂಥ ವಿಮಾನಗಳ ಕಾಕ್‌ಪಿಟ್ ಹತ್ತಿರ ಯಾವಾಗಲೂ ಒಂದು ಸಣ್ಣ 'ಕಳ್ಳತನ' ಇರತ್ತೆ. ಉಳಿದದ್ದೆಲ್ಲ ಅಳತೆಗೆ ಸರಿ, ಗಾಜಿನ ಮುಚ್ಚಳ ಮಾತ್ರ ಸ್ವಲ್ಪ ದೊಡ್ಡದು. ಆಕಾಶದಲ್ಲಿ ಒಂಟಿಯಾಗಿ ಹಾರುವಾಗ ಅಪ್ಪಟ ಸ್ಪಿಟ್‌ಫೈರ್ ಥರಾನೇ ಕಾಣತ್ತೆ. ಹತ್ತಿರ ಬಂದಾಗ ಗಾಜಿನೊಳಗೆ ತುಂಬಿಕೊಂಡಿರೋ ಪೈಲಟ್ಟಿನ ತಲೆ ಗುಟ್ಟು ಬಿಟ್ಟುಕೊಡತ್ತೆ.

ಮೊದಲ ಮಹಾಯುದ್ಧದ ವಿಮಾನಗಳನ್ನ ಕಟ್ಟುವವರಿಗೆ ಈ ಕಷ್ಟ ಕಡಿಮೆ. ಆ ವಿಮಾನಗಳು ಮೂಲದಲ್ಲೇ ಮರ-ಬಟ್ಟೆಯವು, ಹಗುರ. ಎಸ್‌ಇ5ಎ ಥರದ್ದನ್ನ ಎಂಟನೇ ಏಳು ಅಳತೆಗೆ ಇಳಿಸಿದರೂ ಸಾಕು, ಸಣ್ಣ ಎಂಜಿನ್ ಎಳೆಯತ್ತೆ. ಕಷ್ಟ ಇರೋದು ಎರಡನೇ ಮಹಾಯುದ್ಧದ ಭಾರೀ ವಿಮಾನಗಳಲ್ಲೇ. ಆದರೆ ಜನಕ್ಕೆ ಹುಚ್ಚಿರೋದೂ ಅವುಗಳ ಮೇಲೇ.

*

ಈಗ ನಮ್ಮ ಕೆರೆ ಅಂಗಳಕ್ಕೆ ವಾಪಸ್ ಬರ್ತೀನಿ.

ಅವತ್ತು ನಮ್ಮ ವಿಮಾನಕ್ಕೆ ಆಗಿದ್ದು ಸ್ಟಾಲ್. ರೆಕ್ಕೆಯ ಮೇಲೆ ಅಂಟಿಕೊಂಡು ಹರಿಯಬೇಕಾದ ಗಾಳಿ ಕಿತ್ತುಕೊಂಡು ಹೋಗಿ, ರೆಕ್ಕೆ ಹೊರೋದನ್ನ ನಿಲ್ಲಿಸತ್ತೆ. ರೆಕ್ಕೆಯ ತುದಿ ಮೊದಲು ಸ್ಟಾಲ್ ಆದರೆ ವಿಮಾನ ಒಂದು ಕಡೆಗೆ ಮಗುಚತ್ತೆ. ಎತ್ತರದಲ್ಲಿದ್ದರೆ ಸರಿಮಾಡಿಕೊಳ್ಳಬಹುದು. ಇಳಿಯುವ ಹೊತ್ತಿನಲ್ಲಿ ಆದರೆ ನೆಲ ಹತ್ತಿರ ಇರತ್ತೆ.

ಮೂಲ ಸ್ಪಿಟ್‌ಫೈರ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದರ ರೆಕ್ಕೆಯನ್ನ ಬುಡದಿಂದ ತುದಿಗೆ ಹೋಗ್ತಾ ಎರಡೂವರೆ ಡಿಗ್ರಿ ತಿರುಚಿದ್ದರು. ಬರೀ ಎರಡೂವರೆ ಡಿಗ್ರಿ, ಕಣ್ಣಿಗೆ ಕಾಣೋದೂ ಕಷ್ಟ. ಇದರಿಂದ ಬುಡದ ಹತ್ತಿರ ಗಾಳಿ ಮೊದಲು ಕಿತ್ತುಕೊಂಡು, ವಿಮಾನವೆಲ್ಲ ಗಡಗಡ ಅಂತ ನಡುಗುತ್ತಿತ್ತು. ತುದಿ ಇನ್ನೂ ಹಿಡಿತದಲ್ಲಿರುವಾಗಲೇ ಪೈಲಟ್ಟಿಗೆ "ಸಾಕು, ಇನ್ನು ಎಳೀಬೇಡ" ಅಂತ ಎಚ್ಚರಿಕೆ ಸಿಗುತ್ತಿತ್ತು. ಆ ನಡುಕವನ್ನ ನಂಬಿಕೊಂಡೇ ಎಳೆಯ ಹುಡುಗರು ಅದನ್ನ ಕೊನೆಯ ಅಂಚಿನವರೆಗೂ ತಿರುಗಿಸ್ತಿದ್ದರು.

ಚಿಕ್ಕದು ಮಾಡಿದಾಗ ಈ ಗುಣ ತಾನಾಗಿ ಬರತ್ತೆ ಅನ್ನೋ ಹಾಗಿಲ್ಲ. ಗಾಳಿಯನ್ನ 0.6 ಅಳತೆಗೆ ಇಳಿಸೋಕಾಗಲ್ಲವಲ್ಲ! ಚಿಕ್ಕ ರೆಕ್ಕೆ, ಕಡಿಮೆ ವೇಗ ಅಂದರೆ ಅದೇ ಗಾಳಿ ಆ ರೆಕ್ಕೆಯ ಪಾಲಿಗೆ ಹೆಚ್ಚು 'ಮಂದ'ವಾದ ಹಾಗೆ. ರೆನಾಲ್ಡ್ಸ್ ಸಂಖ್ಯೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ಬರ್ತಿತ್ತಲ್ಲ, ಅದು ಇಲ್ಲಿ ಮೂಲದ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಮೂಲವನ್ನ ಕಣ್ಮುಚ್ಚಿ ನಕಲು ಮಾಡಿದರೆ ಆಕಾರ ಬರಬಹುದು, ಸ್ವಭಾವ ಬರೋದು ಗ್ಯಾರಂಟಿ ಇಲ್ಲ.

ಇದು ಬರೀ ಥಿಯರಿ ಅಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ಮಾರ್ಕ್ 26 ಅಂತ ಕರೆಯುವ 80 ಪರ್ಸೆಂಟ್ ಅಳತೆಯ ಅಲ್ಯುಮಿನಿಯಮ್ ಸ್ಪಿಟ್‌ಫೈರ್ ಒಂದಿದೆ. ಕಿಟ್ ರೂಪದಲ್ಲಿ ಮಾರಾಟವಾಗಿ ಅನೇಕರು ಕಟ್ಟಿಕೊಂಡಿದ್ದಾರೆ. 2013ರ ಮಾರ್ಚ್ 17ರಂದು ಅಡಿಲೇಡಿನ ಪ್ಯಾರಾಫೀಲ್ಡ್ ವಿಮಾನ ನಿಲ್ದಾಣದ ಹತ್ತಿರ ಅಂಥದ್ದೊಂದು ಕಡಿಮೆ ಎತ್ತರದಲ್ಲಿ ಸ್ಟಾಲ್ ಆಗಿ ಬಿತ್ತು. ಪೈಲಟ್ ಉಳಿಯಲಿಲ್ಲ. ತನಿಖೆ ಮಾಡಿದ ಅಲ್ಲಿನ ಸಾರಿಗೆ ಸುರಕ್ಷತಾ ಸಂಸ್ಥೆ ಗಮನಕ್ಕೆ ತಂದ ಮುಖ್ಯ ವಿಷಯ ಇಷ್ಟು: ಈ ವಿಮಾನ ಸ್ಟಾಲ್ ಆಗುವ ಮುಂಚೆ ಸೂಚನೆ ಕೊಡೋದು ಬಹಳ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ, ಮತ್ತು ಎಚ್ಚರಿಸೋ ಉಪಕರಣವನ್ನೂ ಅದರಲ್ಲಿ ಅಳವಡಿಸಿರಲಿಲ್ಲ.

ಇದನ್ನ ಓದಿದಾಗ ಕೆರೆ ಅಂಗಳದ ಆ ಕ್ಷಣ ಕಣ್ಣಮುಂದೆ ಬಂದು ಒಂಥರಾ ಆಯ್ತು. ಸದ್ದಿಲ್ಲ, ನಡುಕ ಇಲ್ಲ. ನಮ್ಮದರಲ್ಲಿ ಒಳಗೆ ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ. ವಿಮಾನ ಎಷ್ಟೇ ಚಿಕ್ಕದಾದರೂ ಅದರಲ್ಲಿ ಕೂತವನ ಜೀವ ಪೂರ್ತಿ ಅಳತೆಯದ್ದೇ.

ನಮ್ಮ ದೇಶದಲ್ಲಿ ಇಂಥದ್ದು ಯಾಕೆ ಅಷ್ಟಾಗಿ ಇಲ್ಲ ಅಂತ ಕೇಳಬಹುದು. ಮುಂಬೈಯ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ದು ನಿಮಗೆ ನೆನಪಿರಬಹುದು. ಅದು ಯುದ್ಧವಿಮಾನದ ನಕಲೇನಲ್ಲ, ಸ್ವಂತ ವಿನ್ಯಾಸ. ಅದರ ನೋಂದಣಿಗೆ ಅವರು ವರ್ಷಗಟ್ಟಲೆ ಅಲೆದು, ಕೊನೆಗೆ 2017ರ ನವೆಂಬರಿನಲ್ಲಿ ಪಡೆದರು. ಕಟ್ಟೋ ಕೈಗಳು ನಮ್ಮಲ್ಲೂ ಇವೆ. ಕಟ್ಟುವವನ ಜೊತೆ ನಿಂತು ತಪ್ಪು ಹಿಡಿಯೋ ಆ 'ಕೋಡ್ ರಿವ್ಯೂ' ವ್ಯವಸ್ಥೆ ಬೇಕು ನೋಡಿ. ಅದಿಲ್ಲದೆ ಬರೀ ಉತ್ಸಾಹದಿಂದ ಹಾರೋಕೆ ಹೋದರೆ ಏನಾಗತ್ತೆ ಅಂತ ಮೇಲೆ ಹೇಳಿದ್ದೇನೆ.

*

ಇನ್ನು ಮೈಸೂರಿನ ವಿಷಯ.

ಸಣ್ಣ ಸ್ಪಿಟ್‌ಫೈರ್ ಕಟ್ಟುವವರು ಕೊನೆಗೆ ಎದುರಿಸೋ ಒಂದು ಪ್ರಶ್ನೆ: ಯಾವ ಬಣ್ಣ? ಯಾವ ಸ್ಕ್ವಾಡ್ರನ್ನಿನ ಗುರುತು? ಇಂಥದ್ದನ್ನೇ ಹುಡುಕುತ್ತಾ ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ಲಾಂಛನಗಳನ್ನ ನೋಡ್ತಾ ಇದ್ದೆ. ಹುಲಿ, ಹದ್ದು, ಹಾವು, ಕತ್ತಿ... ಇದ್ದಕ್ಕಿದ್ದಂತೆ ಒಂದು ಕಡೆ ಎರಡು ತಲೆಯ ಹಕ್ಕಿ! ಗಂಡಭೇರುಂಡ! ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲಿರೋ, ಅರಮನೆಯ ಮೇಲಿರೋ ಅದೇ ಗಂಡಭೇರುಂಡ!

ಅದು 129ನೇ (ಮೈಸೂರು) ಸ್ಕ್ವಾಡ್ರನ್. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ಲೆಕನ್‌ಫೀಲ್ಡ್‌ನಲ್ಲಿ ಶುರುವಾಯ್ತು. ವಿಮಾನಗಳಿಗೆ ಮೈಸೂರು ಸಂಸ್ಥಾನ ದುಡ್ಡು ಕೊಟ್ಟಿದ್ದಕ್ಕೆ ಆ ಹೆಸರು, ಆ ಲಾಂಛನ. ಹಾರಿಸಿದ್ದು ಸ್ಪಿಟ್‌ಫೈರ್. 1944ರಲ್ಲಿ ಮಸ್ಟಾಂಗ್‌ಗೆ ಬದಲಾಗಿ, ಇಂಗ್ಲೆಂಡಿನ ಮೇಲೆ ಬರುತ್ತಿದ್ದ ಜರ್ಮನರ ವಿ-1 ಹಾರುಬಾಂಬುಗಳನ್ನ ಬೆನ್ನಟ್ಟಿ ಹೊಡೆದವರಲ್ಲಿ ಈ ಸ್ಕ್ವಾಡ್ರನ್ನೂ ಒಂದು. ಯುದ್ಧ ಮುಗಿದ ಮೇಲೆ 1946ರಲ್ಲಿ ಅದಕ್ಕೆ ಬೇರೆ ನಂಬರ್ ಕೊಟ್ಟರು, ಮೈಸೂರಿನ ಹೆಸರು ಅಲ್ಲಿಗೆ ಮುಗೀತು. ಇನ್ನೊಂದು ತಮಾಷೆ ನೋಡಿ. ಇವತ್ತು ಹವ್ಯಾಸಿಗಳು ಅತಿ ಹೆಚ್ಚು ಇಷ್ಟಪಟ್ಟು ಚಿಕ್ಕದು ಮಾಡಿ ಕಟ್ಟೋ ವಿಮಾನಗಳಲ್ಲಿ ಸ್ಪಿಟ್‌ಫೈರ್, ಮಸ್ಟಾಂಗ್ ಎರಡೂ ಸೇರುತ್ತವೆ. ಎರಡರ ಜೊತೆಗೂ ಗಂಡಭೇರುಂಡ ಹೋಗಿದೆ!

ಮೊದಲು ಗೊತ್ತಾದಾಗ ನಾನು ಕುಣಿದಾಡಿಬಿಟ್ಟೆ. ಮಾರನೇ ದಿನ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮನೆಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ಪೂರ್ತಿ ಕೇಳಿಸಿಕೊಂಡು, "ಯಾವ ಇಸವಿ ಅಂದೆ?" ಅಂದರು. 1941 ಅಂದೆ. "ಈಸೂರು ಯಾವಾಗ?" ಅಂದರು.

ನಾನು ಸುಮ್ಮನಾದೆ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನ ತಮ್ಮ ಹಳ್ಳಿ ಸ್ವತಂತ್ರ ಅಂತ ಘೋಷಿಸಿಕೊಂಡರು. ಗಲಾಟೆಯಲ್ಲಿ ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಆ ಹಳ್ಳಿಯ ಐದು ಜನರನ್ನ ಗಲ್ಲಿಗೇರಿಸಿದರು. ಅದಕ್ಕೂ ಮುಂಚೆ, 1938ರಲ್ಲಿ, ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಎರಡೂ ಇದೇ ಮೈಸೂರು ಸಂಸ್ಥಾನದಲ್ಲಿ ಆದದ್ದು. ಇಂಗ್ಲೆಂಡಿನ ಆಕಾಶ ಕಾಯೋಕೆ ಹೋದ ಗಂಡಭೇರುಂಡವೂ, ಇಲ್ಲಿ ಸರ್ಕಾರಿ ಕಾಗದಗಳ ಮೇಲಿದ್ದ ಗಂಡಭೇರುಂಡವೂ ಒಂದೇ.

"ಹಿಟ್ಲರನನ್ನ ಹೊಡೆದದ್ದು ತಪ್ಪೇನಪ್ಪಾ?" ಅಂತ ನಾನು ಕೇಳಿದೆ. "ತಪ್ಪು ಅಂತ ಯಾರಂದರು? ಪೂರ್ತಿ ಹೇಳು ಅಂದೆ, ಅಷ್ಟೇ" ಅಂದರು ಅಪ್ಪ.

ಆಮೇಲೆ ಯೋಚನೆ ಮಾಡ್ತಾ ಇದ್ದೆ. ಸಣ್ಣ ಸ್ಪಿಟ್‌ಫೈರ್ ಕಟ್ಟುವಾಗ ಏನೇನು ಬಿಟ್ಟುಹೋಗತ್ತೆ? ಮೊದಲು ಬಿಡೋದು ಬಂದೂಕು. ಮೂಲದ ರೆಕ್ಕೆಯಲ್ಲಿ ಎಂಟು ಮಷಿನ್‌ಗನ್ ಇದ್ದವು. ಈಗಿನದರಲ್ಲಿ ಆ ಜಾಗದಲ್ಲಿ ಪೇಂಟು ಅಥವಾ ಕೊಳವೆ ತುಂಡು. ಅದು ಸರಿಯೇ, ಬೇಡವೇ ಬೇಡ. ಫೋಕ್-ವುಲ್ಫ್ ಕಟ್ಟುವವನಿಗೆ ಬಾಲದ ಮೇಲಿನ ಸ್ವಸ್ತಿಕದ ಗುರುತನ್ನ ಏನು ಮಾಡೋದು ಅನ್ನೋ ಪ್ರಶ್ನೆ ಬರತ್ತೆ. ಜರ್ಮನಿಯಲ್ಲಂತೂ ಅದನ್ನ ಹಾಗೆ ಪ್ರದರ್ಶಿಸೋಕೆ ಕಾನೂನಿನ ಅಡ್ಡಿಯೇ ಇದೆ. ಹೀಗೆ ಒಂದೊಂದೇ ಬಿಡ್ತಾ ಬಿಡ್ತಾ ಕೊನೆಗೆ ಉಳಿಯೋದು ಚೆಂದದ ಆಕಾರ, ಚೆಂದದ ಬಣ್ಣ. ವಿಮಾನದ ಮಟ್ಟಿಗೆ ಇದು ಪರವಾಗಿಲ್ಲ. ಆದರೆ ನಾನು ಅವತ್ತು ಆಫೀಸಿನಲ್ಲಿ ಹೇಳಿದ ಮೈಸೂರು ಸ್ಕ್ವಾಡ್ರನ್ ಕತೆಯೂ ಹಾಗೇ ಅರವತ್ತು ಪರ್ಸೆಂಟಿನದ್ದಾಗಿತ್ತು. ಹೆಮ್ಮೆಯ ಭಾಗ ಪೂರ್ತಿ ಇತ್ತು, ಈಸೂರು ಬಿಟ್ಟುಹೋಗಿತ್ತು. ಯಾವ ಸೂಚನೆಯೂ ಕೊಡದೆ ಕುಸಿಯೋ ರೆಕ್ಕೆಯಂಥ ಕತೆ ಅದು. ಅಪ್ಪ ಒಂದು ಪ್ರಶ್ನೆ ಕೇಳಿದ ಕೂಡಲೇ ಮಗುಚಿಕೊಂಡಿತು.

ಹಾಗಂತ ಐಸಾಕ್ಸ್ ಮೇಷ್ಟ್ರ ಮೇಲಿನ ಪ್ರೀತಿ ನನಗೆ ಕಡಿಮೆಯಾಗಿಲ್ಲ. ಆತ ತಾನು ಕಟ್ಟಿದ್ದನ್ನ 6/10 ಅಂತಲೇ ಹೇಳಿದ, ನಕ್ಷೆಯ ಮೇಲೂ ಹಾಗೇ ಬರೆದ. ಚಿಕ್ಕದು ಮಾಡೋದು ತಪ್ಪಲ್ಲ, ಎಷ್ಟು ಚಿಕ್ಕದು ಮಾಡಿದ್ದೀನಿ, ಏನು ಬಿಟ್ಟಿದ್ದೀನಿ ಅಂತ ಹೇಳಿಬಿಟ್ಟರೆ ಆಯ್ತು. ನನ್ನ ಗೆಳೆಯನಿಗೆ ಈಗ ಉತ್ತರ ಕೊಡಬಹುದು ಅನ್ಸತ್ತೆ. ಅದು ಥರ್ಮಾಕೋಲೇ ಕಣೋ, ಆದರೆ ಸ್ಪಿಟ್‌ಫೈರ್ ಬಗ್ಗೆ ನನಗೆ ಗೊತ್ತಿರೋದರಲ್ಲಿ ಅರ್ಧ ಅದು ಬಿದ್ದದ್ದರಿಂದ ಗೊತ್ತಾಗಿದ್ದು.

ಈ ವರ್ಷ ಇನ್ನೊಂದು ಕಟ್ಟೋ ಆಲೋಚನೆ ಇದೆ. ಈ ಸಲ ರೆಕ್ಕೆಯ ತುದಿಯನ್ನ ಎರಡೂವರೆ ಡಿಗ್ರಿ ತಿರುಚಿಯೇ ಅಂಟಿಸ್ತೀನಿ, ಬೇಕಾದರೆ ಇನ್ನೊಂದು ಡಿಗ್ರಿ ಜಾಸ್ತಿ. ಮೂತಿಯ ಪಕ್ಕ ಸಣ್ಣದಾಗಿ ಗಂಡಭೇರುಂಡ ಬರೀತೀನಿ. ಯಾರಾದರೂ ಇದೇನು ಅಂತ ಕೇಳಿದರೆ ಪೂರ್ತಿ ಹೇಳ್ತೀನಿ, ಲೆಕನ್‌ಫೀಲ್ಡಿನಿಂದ ಈಸೂರಿನವರೆಗೆ.

ಅಂದಹಾಗೆ, ನಿಮ್ಮ ಮನೇಲಿ ಅಜ್ಜ-ಅಜ್ಜಿ ಯಾರಾದರೂ ಆ ಕಾಲದಲ್ಲಿ ಹಳೇ ಮೈಸೂರು ಸೀಮೆಯಲ್ಲಿ ಯುದ್ಧನಿಧಿಗೆ ದುಡ್ಡು ಕೊಟ್ಟಿದ್ದು, ಇಲ್ಲಾ ವಸೂಲಿಗೆ ಬಂದಿದ್ದು, ಇಂಥದ್ದೇನಾದರೂ ಹೇಳಿದ್ದು ನೆನಪಿದ್ದರೆ ಖಂಡಿತ ತಿಳಿಸಿ. ಅಪ್ಪನಿಗೆ ಹೇಳಬೇಕು.

ಮತ್ತೆ ಸಿಗೋಣ.